ಗುಡ್ಡ ಹತ್ತಿದ ನಾಟಿ ಓಟ

ಭಾಗಮಂಡಲದ ಮೇಲಿನ ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದ ಸಾಂತಪ್ಪನ ಮನೆಯ ಗದ್ದೆಗಳನ್ನು ಕೆಳಗಿನ ಬಯಲಿನವರು ಗದ್ದೆಯೆಂದು ಒಪ್ಪುತ್ತಲೇ ಇರಲಿಲ್ಲ. "ಅಲ್ಲಿ ಎತ್ತು ತಿರುಗಿದರೆ ಬಾಲ ಕೆಳಗಿನ ಗದ್ದೆಲಿ ಇದ್ದದೆ" ಎಂದು ನಗುತ್ತಿದ್ದರು. ಊರ ಬಾಯಿಗೆ ಮುಚ್ಚಳ ಹಾಕಲಾದೀತೇ? ದಮಯಂತಿ ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಆದರೆ ಆ ನಗು ಅವಳ ಭಾವನ ಕಿವಿಯಲ್ಲಿ ಹೊಕ್ಕು ಕುಳಿತಿತ್ತು, ಅದೇ ತೊಂದರೆ.

ಭಾವ ಎಂದರೆ ಸಾಂತಪ್ಪನೇ, ತೀರಿಹೋದ ಅವಳ ಗಂಡನ ಅಣ್ಣ, ಮನೆಯ ಯಜಮಾನ. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ, ಕಾಫಿಯ ಬೆಲೆ ಏರುತ್ತಿದ್ದ ಕಾಲ ಅದು. ಕಕ್ಕಬೆಯ ನೆಂಟರಿಂದ ಕಾಫಿ ಗಿಡಗಳನ್ನು ತರಿಸಿ ಅವನು ಹಿತ್ತಿಲ ನೆರಳಲ್ಲಿ ಸಾಲಾಗಿ ಇಡಿಸಿದ್ದ. ಈ ಸಲವೂ ಭತ್ತದ ಸಸಿಯ ಅಗೆ ಬಲಿಯುವ ಮೊದಲು ನಾಟಿಯಾಗದಿದ್ದರೆ ಬದು ಒಡೆದು, ನೀರು ಬಸಿದು, ಗದ್ದೆಗಳಿಗೆಲ್ಲ ಕಾಫಿ ಹಾಕುವುದೇ ಸೈ ಎಂದು ಹೇಳಿಬಿಟ್ಟಿದ್ದ.

ಅವನು ಹೇಳುವುದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳಿಗೆ ಉರಿ. ಒಬ್ಬರ ಗದ್ದೆಗೊಬ್ಬರು ದುಡಿದು ತೀರಿಸುವ ಮುಯ್ಯಾಳುಗಳು ವರ್ಷ ವರ್ಷವೂ ಮೊದಲು ಬಯಲಿಗೆ ಹೋಗುತ್ತಿದ್ದರು. ಅಲ್ಲಿ ನಾಟಿ ಓಟವಿತ್ತು. ದೊಡ್ಡ ಗದ್ದೆಯ ನಡುವೆ ಉದ್ದಕ್ಕೂ ಒಂದು ಪಟ್ಟಿಯನ್ನು ನೆಡದೆ ಬಿಟ್ಟು, ನಾಟಿ ಮುಗಿದ ಮೇಲೆ ಮೊಣಕಾಲು ಕೆಸರಿನಲ್ಲಿ ಓಡುವ ಓಟ. ಗೆದ್ದವನಿಗೆ ಬಾಳೆಗೊನೆ, ತೆಂಗಿನಕಾಯಿ, ವರ್ಷವಿಡೀ ಬೀಗುವ ಹಕ್ಕು. ಆ ಸಂಭ್ರಮವೆಲ್ಲ ಮುಗಿದು, ಸೊಂಟ ನೋವೂ ಹಿಡಿದ ಮೇಲೆ ಆಳುಗಳು ಗುಡ್ಡ ಹತ್ತುವಷ್ಟರಲ್ಲಿ ಇಲ್ಲಿಯ ಅಗೆ ಬಲಿತು ಗೆಣ್ಣು ಬಿಟ್ಟಿರುತ್ತಿತ್ತು. ಬಲಿತ ಅಗೆ ನೆಟ್ಟರೆ ಜೊಳ್ಳಲ್ಲದೆ ಇನ್ನೇನು ಬಂದೀತು?

ಈ ಗದ್ದೆಗಳ ಬದುಗಳಿಗೆ ಕಲ್ಲು ಕೊಟ್ಟು ಕಟ್ಟಿದವನು ಅವಳ ಗಂಡ. ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ, ಅದರದ್ದು ಇನ್ನೂ ಕೆಳಗಿನದಕ್ಕೆ. ಒಂದನ್ನು ಒಣಗಿಸಿದರೆ ಎಲ್ಲವೂ ಸತ್ತಂತೆ. ಬೇಕಾದರೆ ತನ್ನ ಚಿನ್ನದ ಬಳೆ ಕೊಟ್ಟಾಳು, ಈ ಗದ್ದೆ ಬಿಡಲಾರಳು.

"ಬಾವ, ಈ ಸಲದ ನಾಟಿ ನಂಗೆ ಬಿಡಿ" ಎಂದಳು.

"ಜನ ಎಲ್ಲಿಯುಟ್ಟು? ಎಲ್ಲ ಬಯಲಿಗೆ."

"ಇಲ್ಲಿಗೂ ಬಂದವೆ. ಓಟಕ್ಕೆ."

ಸಾಂತಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ನಕ್ಕ. "ನಮ್ಮ ಗದ್ದೆಲಿ ಓಟನಾ? ಕೋಳಿಗೂ ಜಾಗ ಇಲ್ಲೆ!" ನಕ್ಕರೂ ಮುಖ ಹುಳ್ಳಗಾಯಿತು. ಹರೆಯದಲ್ಲಿ ಅವನು ಬಯಲಿನ ಓಟಕ್ಕೆ ಹೋಗಿ ಹೋಗಿ ಒಮ್ಮೆಯೂ ಗೆದ್ದಿರಲಿಲ್ಲ.

ದಮಯಂತಿ ಕಂಬಳಿ ಕೊಪ್ಪೆ ಹಾಕಿಕೊಂಡು ಬಯಲಿಗಿಳಿದಳು. ಅಲ್ಲಿ ಆಗಷ್ಟೇ ಒಂದು ಗದ್ದೆಯ ಓಟ ಮುಗಿದು, ಕುಶಾಲಪ್ಪ ಎಂದಿನಂತೆ ಗೆದ್ದು ಗೊನೆ ಹೆಗಲಿಗೇರಿಸಿ ನಿಂತಿದ್ದ. ಅವಳು ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಚಪ್ಪಟೆ ಗದ್ದೆಲಿ ಓಡಿಕೆ ಎಮ್ಮೆಗೂ ಗೊತ್ತುಟ್ಟು. ಕಾಲಿಲಿ ಬಲ ಇದ್ದರೆ ನಾಳೆ ನಮ್ಮ ಗದ್ದೆಗೆ ಬನ್ನಿ. ಅಡಿ ಗದ್ದೆಂದ ತಲೆ ಗದ್ದೆವರೆಗೆ, ಗುಡ್ಡ ಹತ್ತಿ ಓಟ! ಆದರೆ ನೆಟ್ಟವಂಗೆ ಮಾತ್ರ. ಅಗೆ ಮುಟ್ಟದವ ದೂರ ನಿಂತು ನೋಡ್ಲಿ."

ಕುಶಾಲಪ್ಪನಂಥವನಿಗೆ ಎಮ್ಮೆ ಎಂದರೆ ಸುಮ್ಮನಿದ್ದಾನೆಯೇ? ಮರುದಿನ ಮಂಜು ಸರಿಯುವ ಮೊದಲೇ ಬಯಲಿನ ಗಂಡಸರು ಹೆಂಗಸರು ಸಾಲುಗಟ್ಟಿ ಗುಡ್ಡ ಹತ್ತಿದರು. ಪ್ರತಿವರ್ಷ ಈ ಗದ್ದೆಗಳಲ್ಲಿ ನೆಡುತ್ತಿದ್ದ ಚೋಮಿ ಮುಂದೆ ನಿಂತು, ಗಂಡಸರ ವಕ್ರ ಸಾಲುಗಳನ್ನು ಕಿತ್ತು ಮತ್ತೆ ನೆಡಿಸಿದಳು. ಓಟದಾಸೆಗೆ ಬಂದವರು ಬೈಗುಳವನ್ನೂ ನುಂಗಿಕೊಂಡು ನೆಟ್ಟರು. ಮಧ್ಯಾಹ್ನದ ಗಂಜಿ ಮುಗಿದು ಸ್ವಲ್ಪ ಹೊತ್ತಿಗೆ, ಅಡಿಯಿಂದ ತಲೆಯವರೆಗೆ ಓಟದ ಪಟ್ಟಿಯೊಂದನ್ನು ಬಿಟ್ಟು ಗದ್ದೆಗಳೆಲ್ಲ ಹಸಿರಾದವು. ಅಷ್ಟು ಎಳೆಯ ಅಗೆ ಈ ಗದ್ದೆಗಳಲ್ಲಿ ನಿಂತದ್ದನ್ನು ಕಂಡು ದಮಯಂತಿಯ ಕಣ್ಣು ತುಂಬಿತು. ಆದರೆ ಗದ್ದೆ ಉಳಿಸುವ ಮಾತು ಭಾವನ ಬಾಯಿಂದ ಇನ್ನೂ ಬಿದ್ದಿರಲಿಲ್ಲ. ಇದು ಒಂದು ವರ್ಷದ ಆಟವಷ್ಟೇ ಎಂಬಂತೆ ಅವನು ಅಡಿ ಗದ್ದೆಯ ಬದುವಿನಲ್ಲಿ ಮುಖ ಗಂಟಿಕ್ಕಿ ನಿಂತಿದ್ದ.

ಯಜಮಾನನಾದ ಅವನೇ ಕೂಗು ಹಾಕಿ ಓಟ ಶುರು ಮಾಡಿಸಿದ.

ಅಬ್ಬಾ, ಅದೇನು ಓಟವೋ! ಕುಶಾಲಪ್ಪ ಮೊದಲ ಗದ್ದೆಯನ್ನು ಗಾಳಿಯಂತೆ ದಾಟಿದ, ಎರಡನೆಯದನ್ನೂ ದಾಟಿದ. ಮೂರನೆಯ ಬದು ಹತ್ತಲು ಹುಲ್ಲಿಗೆ ಕೈ ಹಾಕಿದರೆ ಹುಲ್ಲು ಮಣ್ಣಿನ ಸಮೇತ ಕೈಗೆ ಬಂದು, ಬೆನ್ನ ಮೇಲೆ ಜಾರಿ ಹಿಂದಿನವರ ಮೇಲೆ ಬಿದ್ದ. ಅವರೆಲ್ಲ ಒಬ್ಬರ ಸೊಂಟ ಒಬ್ಬರು ಹಿಡಿದು ಕೆಸರಲ್ಲಿ ಉರುಳಿದರು. ಕೆಳಗೆ ಸಾಂತಪ್ಪ ಕುಣಿದಾಡುತ್ತಿದ್ದ.

"ಅಲ್ಲಲ್ಲ ಕಾಲ್ ಇಡುದು! ಬಲಕ್ಕೆ ಕಲ್ಲುಟ್ಟು, ಕಲ್ಲು! ಅಯ್ಯೋ ನನ್ನ ಬದು!"

ಯಾರು ಕೇಳುತ್ತಾರೆ? ಅವನಿಗೆ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ಪಟ್ಟಿಗೆ ಧುಮುಕಿಯೇಬಿಟ್ಟ.

"ಯಜಮಾನ್ರು ನೆಟ್ಟಿಲ್ಲೆ! ಓಡಿಕೆ ಆಕಿಲ್ಲೆ!" ಎಂದು ಚೋಮಿ ಮೇಲಿನಿಂದ ಕಿರುಚಿದಳು.

ದಮಯಂತಿ ಒಂದು ಕಟ್ಟು ಅಗೆಯನ್ನು ಭಾವನ ಕೈಗೆ ತುರುಕಿದಳು. ಸಾಂತಪ್ಪ ಅವಳನ್ನೊಮ್ಮೆ ದುರುಗುಟ್ಟಿ ನೋಡಿ, ಬಗ್ಗಿ, ಬುಸುಗುಡುತ್ತ ಕಟ್ಟಿನ ಅಗೆಯಷ್ಟನ್ನೂ ಪಟ್ಟಿಯ ಪಕ್ಕಕ್ಕೆ ನೆಟ್ಟ. "ಆತಲ್ಲ?" ಎಂದವನೇ ಓಡಿದ.

ಐವತ್ತು ದಾಟಿದ ಆ ಮನುಷ್ಯ ಓಡಿದ್ದನ್ನು ನೋಡಬೇಕಿತ್ತು. ತೀರಿಹೋದ ತಮ್ಮ ಇಟ್ಟಿದ್ದ ಪ್ರತಿ ಕಲ್ಲೂ ಅವನ ಕಾಲಿಗೆ ಗೊತ್ತಿತ್ತು. ಉರುಳಿದವರನ್ನು ದಾಟಿದ, ಎದ್ದವರನ್ನು ದಾಟಿದ, ನಡುಗದ್ದೆಯಲ್ಲಿ ಏದುಸಿರು ಬಿಡುತ್ತಿದ್ದ ಕುಶಾಲಪ್ಪನನ್ನೂ ದಾಟಿದ. ತಲೆ ಗದ್ದೆಯ ಬದುವಿನ ಮೇಲೆ ಎರಡೂ ಕೈ ಎತ್ತಿ ನಿಂತಾಗ ಗುಡ್ಡವೆಲ್ಲ ಕೂಗಿತು. ದಮಯಂತಿಗೆ ಗಂಡನ ನೆನಪಾಯಿತು. ಆದರೂ ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ.

ಮೈತುಂಬ ಕೆಸರಾದ ಕುಶಾಲಪ್ಪ ತೆವಳಿಕೊಂಡು ಮೇಲೆ ಬಂದ. "ಈ ಸಲ ಕಲ್ಲು ಎಲ್ಲಿಯುಟ್ಟುಂತ ಗೊತ್ತಿತ್ಲೆ, ಸಾಂತಪ್ಪಣ್ಣ. ಬರುವ ವರ್ಷ ನಿಮ್ಮನ್ನ ಬಿಡಿಕಿಲ್ಲೆ!"

"ಬಾ ಮಾರಾಯ! ಬರುವ ವರ್ಷ, ಅದರ ಮೇಲಿನ ವರ್ಷ, ಯಾವಾಗ ಬೇಕಾರೂ ಬಾ! ಇದೇ ಗದ್ದೆ, ಇದೇ ಬದು!" ಎಂದು ಸಾಂತಪ್ಪ ಎದೆ ತಟ್ಟಿಕೊಂಡ.

ಊರೆಲ್ಲ ಕೇಳಿಸಿಕೊಂಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಂತಪ್ಪನಿಗೆ ತಾನು ಆಡಿದ್ದೇನೆಂದು ಹೊಳೆಯುವಷ್ಟರಲ್ಲಿ ದಮಯಂತಿ ಗೆದ್ದವನ ಬಾಳೆಗೊನೆ ಹಿಡಿದು, ಮೇಲೆ ಹತ್ತಿ ಬಂದು ಎದುರಿಗೆ ನಿಂತಿದ್ದಳು.

"ಹಂಗಾದ್ರೆ ಬಾವ, ಆ ಕಾಫಿ ಗಿಡ?"

ಅವನು ಗೊನೆ ಇಸಿದುಕೊಂಡ. ಕೆಳಗೆ ಹರಡಿದ್ದ ಎಳೆ ಹಸಿರನ್ನು ನೋಡಿದ. ನಗು ತಡೆಯಲು ನೋಡಿದ, ಆಗಲಿಲ್ಲ.

"ಮೇಲೆ ಬಾಣೆ ಜಾಗ ಸುಮ್ಮನೆ ಕಾಡು ಬೆಳ್ದು ಬಿದ್ದುಟ್ಟು. ಕಾಫಿ ಅಲ್ಲಿಗೆ ಹಾಕುವ. ಗದ್ದೆಗೆ ಬೊತ್ತು, ಗದ್ದೆ ಗದ್ದೆಯಾಗೇ ಇರ್ಲಿ." ಮರುಕ್ಷಣವೇ ಹುಬ್ಬು ಗಂಟಿಕ್ಕಿ ಕೆಳಗಿನವರ ಕಡೆ ತಿರುಗಿ ಗದರಿದ, "ಮೂರನೇ ಬದು ಒಡೆದವು ಯಾರ್? ನಾಳೆ ಬಂದು ಕಟ್ಟಿಕೊಡೊಕು!"

ಮಾರನೆಯ ದಿನ ಬಯಲಿನವರು ಗುದ್ದಲಿ ಹಿಡಿದು ನಿಜವಾಗಿಯೂ ಬಂದರು. ಕುಶಾಲಪ್ಪ ಎಲ್ಲರಿಗಿಂತ ಮುಂದಿದ್ದ. ಮೂರನೆಯ ಬದು ಕಟ್ಟಿ ಮುಗಿಸಿದ ಮೇಲೂ ಅವನು ಮನೆಗೆ ಹೋಗಲಿಲ್ಲ. ಉಳಿದ ಬದುಗಳನ್ನೂ ಒಂದೊಂದಾಗಿ ಸವರಿ ಸರಿಮಾಡುತ್ತ, ಯಾವ ಕಲ್ಲು ಎಲ್ಲಿದೆಯೆಂದು ಕಾಲಿಟ್ಟು ನೋಡಿಕೊಳ್ಳುತ್ತಿದ್ದ.