ಪೊಟ್ಟಣದ ಹಿಂಬದಿ

ಕಂಪ್ಯೂಟರ್ ಪರದೆಯ ಸಾಲುಗಳನ್ನು ಫರೀಹಾ ಎರಡನೇ ಸಲ ಹೋಲಿಸಿ ನೋಡಿದಳು. ಚಿತ್ರದುರ್ಗದ ಕಾಲೇಜಿನಲ್ಲಿ ಮೂರು ವರ್ಷದಿಂದ ಅವಳು ಸಂಶೋಧನೆಗೆ ಹಿಡಿದು ಕೂತದ್ದು ಒಂದೇ ಗಿಡವನ್ನು: ನೀರಿನಂಚಿನಲ್ಲಿ ಗೆಣ್ಣುಗೆಣ್ಣಾಗಿ ಏಳುವ, ಎಲೆಯೇ ಇಲ್ಲದಂತೆ ಕಾಣುವ ಕುದುರೆಬಾಲ. ಅದರ ಹಸಿರು ಕಣದ, ಅಂದರೆ ಕ್ಲೋರೋಪ್ಲಾಸ್ಟಿನ, ಡಿಎನ್‌ಎ ತಾಯಿಗಿಡದಿಂದ ಮಾತ್ರ ಇಳಿದು ಬರುತ್ತದೆ. ಅದನ್ನು ಅಕ್ಷರ ಅಕ್ಷರ ಹೋಲಿಸಿದರೆ ಯಾವ ಊರಿನ ಗಿಡ ಯಾವುದಕ್ಕೆ ನಂಟು ಎಂದು ತಿಳಿಯುತ್ತದೆ. ಹಿರಿಯೂರಿನದು ಬೇರೆ, ಚಿಕ್ಕಜಾಜೂರಿನದು ಬೇರೆ. ಆದರೆ ಹೊಳಲ್ಕೆರೆ ಕಡೆಯ ರಾಮಗಿರಿಯದಕ್ಕೂ ಹೊಸದುರ್ಗ ಕಡೆಯ ಮತ್ತೋಡಿನದಕ್ಕೂ ಒಂದಕ್ಷರವೂ ವ್ಯತ್ಯಾಸವಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಎರಡನ್ನೂ ತಂದವನು ಲ್ಯಾಬಿನ ಸಹಾಯಕ ಕಲ್ಲೇಶ್. ರಾಮಗಿರಿಗೆ ಹೋಗದೆ ಮತ್ತೋಡಿನಲ್ಲೇ ಎರಡು ಪೊಟ್ಟಣ ತುಂಬಿದ್ದಾನೆ, ಮೈಗಳ್ಳ. ಇವನ ಕೈಯ ಕಸ ನಂಬಿ ಪ್ರಬಂಧ ಬರೆದೆನಲ್ಲ ಎಂದು ಅವಳಿಗೆ ಮೈ ಉರಿಯಿತು.

"ನೀವು ರಾಮಗಿರಿಗೆ ಹೋಗೇ ಇಲ್ಲ ಅಲ್ವಾ?" ಎಂದು ಅವನನ್ನು ಕರೆಸಿ ಕೇಳಿದಳು.

"ಹೋಗಿದ್ದೆ ಮೇಡಂ. ಪೊಟ್ಟಣದ ಹಿಂದ್ಗಡೆ ಬರ್ದೀನಿ, ನೋಡ್ರಿ..."

"ನಿಮ್ ಮುಖ ನೋಡಾಕೇ ಅಸಹ್ಯ ಆಗ್ತೈತೆ."

ವಿಭಾಗದ ಪ್ರೊಫೆಸರ್ ನಾಗಭೂಷಣರ ಮುಂದೆಯೂ ಅವಳು ಅವನು ರಾಮಗಿರಿಗೆ ಹೋಗಿಲ್ಲವೆಂದೇ ಹೇಳಿದಳು. ಗುತ್ತಿಗೆ ಕೆಲಸ ತಾನೆ, ಸೋಮವಾರದಿಂದ ಬರಬೇಡ ಎಂದು ಅವರು ಕಲ್ಲೇಶನಿಗೆ ಹೇಳಿದರು, ಮುಗಿಯಿತು.

ಆಮೇಲೆ ನಿಜವಾದ ಗಿಡ ತರಲು ಪೊಟ್ಟಣದ ವಿಳಾಸ ಹಿಡಿದು ಅವಳೇ ರಾಮಗಿರಿಗೆ ಹೋದಳು. ಗಿಡ ಅಲ್ಲೇ ಇತ್ತು, ದ್ಯಾಮಮ್ಮ ಎಂಬ ಮುದುಕಿಯ ಬಚ್ಚಲ ಗುಂಡಿಯ ಅಂಚಿನಲ್ಲಿ. ಕರಿ ನೀರು, ಕೊಳೆತ ಅನ್ನ, ಮುತ್ತಿದ ಸೊಳ್ಳೆ, ಥೂ! ಫರೀಹಾ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು.

"ಮೂಗು ಬಿಡವ್ವ, ಸಾಯಲ್ಲ," ಎಂದು ಮುದುಕಿ ನಕ್ಕಳು. "ಇದು ನನ್ ತವರಿಂದು. ಮದ್ವೆಲಿ ನಮ್ಮವ್ವ ತಾಮ್ರದ ಹಂಡೆ ಕೊಟ್ಲು, ಅದನ್ನ ಉಜ್ಜಾಕೆ ಇದರ ಬೇರೂ ಕಟ್ಟಿ ಕಳಿಸಿದ್ಲು. ಮತ್ತೋಡಲ್ಲಿ ಹಂಗೇ, ಹಂಡೆ ಹೋದಲ್ಲಿಗೆ ಇದೂ ಹೋಗಬೇಕು."

ಫರೀಹಾಳ ಕೈ ಮೂಗಿನಿಂದ ತಾನಾಗಿ ಇಳಿಯಿತು.

"ನಿಮ್ ಕಲ್ಲೇಶಪ್ಪ ಬಂದಾಗ ಎಲ್ಲ ಹೇಳಿದ್ದೆ. ಕುಂತ್ಕಂಡು ಬರ್ಕಂಡ. ನಿಂಗೆ ಹೇಳ್ಲಿಲ್ವ?"

ಅವಳು ಚೀಲದಿಂದ ಪೊಟ್ಟಣ ತೆಗೆದಳು. ಮುಂಬದಿಯ ಊರು, ವಿಳಾಸ, ನಂಬರು ನೋಡಿದ್ದಳೇ ಹೊರತು ಹಿಂದೆ ತಿರುಗಿಸಿರಲಿಲ್ಲ. ಈಗ ತಿರುಗಿಸಿದಳು. ಪೆನ್ಸಿಲಿನಲ್ಲಿ ದುಂಡಗೆ ಬರೆದಿತ್ತು: 'ದ್ಯಾಮಮ್ಮನ ತವರು ಮತ್ತೋಡು. ಗಿಡ ಅಲ್ಲಿಂದಲೇ ಬಂದದ್ದು. ಮೇಡಂಗೆ ಖುಷಿಯಾಗುತ್ತೆ, ಮರೀದೆ ಹೇಳಬೇಕು.'

ಬಚ್ಚಲ ನಾತ ಆಗ ಅವಳ ಮೂಗಿಗೆ ಬಡಿಯಲೇ ಇಲ್ಲ. ಹೇಸಿಗೆಯಾದದ್ದು ಆ ಮಾತಾಡಿದ ತನ್ನ ಬಾಯಿಯ ಮೇಲೆ. ನಿಂತಲ್ಲೇ ಕಲ್ಲೇಶನಿಗೆ ಫೋನ್ ಮಾಡಿದಳು.

"ಹೇಳ್ರಿ ಮೇಡಂ," ಎಂದ ಅವನು, ಎಂದಿನ ಮರ್ಯಾದೆಯಲ್ಲೇ. ಅವಳು ರಾಮಗಿರಿಯಲ್ಲಿದ್ದೇನೆ ಅಂದಾಗ ಅವನು ಕೇಳಿದ, "ಹಿಂದ್ಗಡೆ ನೋಡಿದ್ರಾ?"