ಎಣಿಸಿಕೊಂಡು ಹೊರಡಿ

ಮಗುವಿನ ಸಾಮಾನಿಗೆ ಒಂದು ಬ್ಯಾಗ್ ಆರಿಸಲು ನನಗೆ ಹನ್ನೊಂದು ದಿನ ಬೇಕಾಯಿತು. ನನ್ನನ್ನು ಒಪ್ಪಿಕೊಳ್ಳುವುದಕ್ಕೂ ನೀನು ಇಷ್ಟು ದಿನ ತೆಗೆದುಕೊಂಡಿರಲಿಲ್ಲ ಎಂದು ಇವರು ಕುಟುಕಿದರು. ಗಂಡನಿಗೆ ಎಷ್ಟು ಜೇಬುಗಳಿವೆ ಎಂದು ನೋಡಬೇಕಾಗಿಲ್ಲ, ಬ್ಯಾಗಿಗೆ ನೋಡಬೇಕು. ನಾದಿನಿ ದಿನಕ್ಕೆರಡು ಫೋಟೊ ಕಳಿಸುತ್ತಿದ್ದಳು. ಒಂದು ಬ್ಯಾಗಿಗೆ ಚಿನ್ನದ ಬಣ್ಣದ ಸರಪಳಿ ಬೇರೆ.

"ಅತ್ತಿಗೆ, ಇದನ್ನ ಹೆಗಲಿಗೆ ಹಾಕ್ಕೊಂಡ್ರೆ ನಿಮಗೆ ಮಗು ಇದೆ ಅಂತ್ಲೇ ಗೊತ್ತಾಗಲ್ಲ."

"ಕಂಕುಳಲ್ಲಿ ಮಗು ಇರತ್ತಲ್ಲೇ, ಅದನ್ನೆಲ್ಲಿ ಬಚ್ಚಿಡ್ಲಿ?" ಎಂದೆ.

ಕೊನೆಗೆ ತೆಗೆದುಕೊಂಡದ್ದು ಬೂದು ಬಣ್ಣದ ಒಂದು ಬ್ಯಾಗ್. ನೋಡಲು ಏನೇನೂ ಚೆಂದವಿಲ್ಲ. ಆದರೆ ಬಾಯಿ ಅಗಲವಾಗಿ ತೆರೆದುಕೊಂಡು ನಿಲ್ಲುತ್ತದೆ, ಒಳಗಿನ ಅಸ್ತರು ಬಿಳಿ, ಏನಿದೆ ಏನಿಲ್ಲ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಡೈಪರ್ ಆರು, ಬಾಟಲಿ ಎರಡು, ಕಾಲ್ಚೀಲ ಎರಡು, ಹೀಗೆ ಒಟ್ಟು ಹದಿನೇಳು ಸಾಮಾನು. ಮನೆ ಬಿಡುವಾಗ ಹದಿನೇಳು, ವಾಪಸು ಬರುವಾಗ ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕ. ನಗಬೇಡಿ, ಇದು ನನ್ನ ಕೆಲಸದಿಂದ ಅಂಟಿದ ಚಾಳಿ.

ನಾನು ಆಪರೇಷನ್ ಥಿಯೇಟರಿನ ನರ್ಸು. ಹೊಟ್ಟೆ ಕೊಯ್ಯುವ ಮೊದಲು ಹತ್ತಿಬಟ್ಟೆಯ ತುಂಡುಗಳನ್ನೂ ಕತ್ತರಿಗಳನ್ನೂ ಎಣಿಸಬೇಕು, ಹೊಲಿಯುವ ಮೊದಲು ಮತ್ತೆ ಎಣಿಸಬೇಕು. ಒಬ್ಬಳು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬಳು ಕಣ್ಣಾರೆ ನೋಡಿ ಅದನ್ನೇ ತಿರುಗಿ ಹೇಳಬೇಕು. ಇಬ್ಬರ ಎಣಿಕೆ ಹೊಂದದಿದ್ದರೆ ಎಂಥ ದೊಡ್ಡ ಡಾಕ್ಟರಾದರೂ ಸೂಜಿ ಕೆಳಗಿಡಬೇಕು. ಇಬ್ಬರೂ ಮೊದಲಿನಿಂದ ನೋಡಬೇಕು.

ಮನೆಯಲ್ಲಿ ನನ್ನ ಎರಡನೆಯ ನರ್ಸು ಇವರು. ಇವರದು ಲಿಫ್ಟ್ ರಿಪೇರಿ ಕೆಲಸ. ನಾನು ನಡುಮನೆಯಲ್ಲಿ ಕೂತು "ಬಾಟಲಿ, ಎರಡು" ಎಂದರೆ ಇವರು ಸ್ನಾನದ ಮನೆಯಿಂದಲೋ ಬಾಲ್ಕನಿಯಿಂದಲೋ "ಎರಡು" ಎನ್ನುತ್ತಾರೆ. ಒಂದು ದಿನವೂ ಬಂದು ನೋಡಿದವರಲ್ಲ. ಎಷ್ಟೇ ಸಿಡುಕಿದರೂ "ನೀನು ತಪ್ಪು ಹೇಳಲ್ಲ ಬಿಡು ತಾಯಿ" ಎಂದು ಕೈತೊಳೆದುಕೊಳ್ಳುತ್ತಾರೆ. ಈ ಎಣಿಕೆಯನ್ನು ನಿಜವಾಗಿ ಕೇಳಿಸಿಕೊಳ್ಳುವವಳು ನಮ್ಮ ಏಳು ತಿಂಗಳ ಗುಬ್ಬಿ ಮಾತ್ರ. ಯಾಕೋ ಏನೋ, "ಮೂರು" ಎಂದ ಕೂಡಲೇ ಕಿಲಕಿಲ ನಗುತ್ತಾಳೆ. ಎಡಗಾಲಿನ ಕಾಲ್ಚೀಲವನ್ನು ಒದ್ದು ಎಸೆಯುವುದು, ಮೂರಕ್ಕೆ ನಗುವುದು, ಸದ್ಯಕ್ಕೆ ಅವಳಿಗಿರುವ ಉದ್ಯೋಗ ಇಷ್ಟೇ.

ಕಳೆದ ತಿಂಗಳು ನಾನು ತಪ್ಪು ಹೇಳಿದೆ. ಬಟ್ಟೆಯ ತುಂಡು ಇಪ್ಪತ್ತು ಎಂದೆ. ಹಿರಿಯ ಸಿಸ್ಟರ್ ಹತ್ತೊಂಬತ್ತು ಎಂದರು. ನಾನು ಹಟ ಹಿಡಿದೆ, ದನಿ ಏರಿಸಿದೆ. ಇಪ್ಪತ್ತನೆಯದು ರೋಗಿಯ ಹೊಟ್ಟೆಯೊಳಗಿತ್ತು. ಹೊಲಿಯುವ ಮೊದಲೇ ಸಿಕ್ಕಿತು, ಯಾರಿಗೂ ಏನೂ ಆಗಲಿಲ್ಲ. ಸಿಸ್ಟರ್ ಬೈಯಲೂ ಇಲ್ಲ, "ನಿದ್ದೆಗೆಟ್ಟಿದ್ದೀಯಮ್ಮ, ನಾಲ್ಕು ದಿನ ಎಲ್ಲಾದ್ರೂ ಹೋಗ್ಬಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನನ್ನ ಕಣ್ಣನ್ನೂ ಕಿವಿಯನ್ನೂ ನಾನೇ ನಂಬದಂತಾದೆ. ಇವರಿಗೆ ಈ ವಿಷಯ ಹೇಳಲಿಲ್ಲ. ಮಗು ನೋಡಿಕೊಳ್ಳಲೂ ನೀನು ಯೋಗ್ಯಳಲ್ಲ ಎಂದುಬಿಟ್ಟರೆ ಎಂಬ ಭಯ. ಅವರು ಹಾಗೆ ಅನ್ನುವವರಲ್ಲ, ಆದರೂ ಭಯ.

ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಫೋನು ಹಿಡಿದು ರಜೆಗೆ ಬಾಡಿಗೆ ಮನೆ ಹುಡುಕಿದೆ. ಮೊದಲನೆಯದಕ್ಕೆ ಕಂಬಿಯಿಲ್ಲದ ಮೆಟ್ಟಿಲು. ಎರಡನೆಯದಕ್ಕೆ ಮಂಚದಿಂದ ಉರುಳಿದರೆ ನೇರ ನೀರಿಗೆ ಬೀಳುವಂಥ ಈಜುಕೊಳ. ಮೂರನೆಯದು ನೆಲಮಟ್ಟದ ಮನೆ, ಬಿಳಿ ಗೋಡೆ, ಮಗುವಿಗೆ ಸೊಳ್ಳೆಪರದೆ ಹಾಕಿದ ತೊಟ್ಟಿಲು. ಅದರ ಕೆಳಗೆ ಉಳಿದುಕೊಂಡು ಹೋದವರ ಅಭಿಪ್ರಾಯ ಒಂದೇ ಒಂದು, ಕಳೆದ ವರ್ಷದ್ದು. "ಮಗುವಿಗೆ ಹೇಳಿ ಮಾಡಿಸಿದ ಮನೆ. ಹೊರಡುವಾಗ ಎಣಿಸಿಕೊಂಡು ಹೊರಡಿ." ಬರೆದವಳು ಯಾರೋ ನಮ್ಮ ಪೈಕಿಯವಳೇ ಎನ್ನಿಸಿ ಖುಷಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಆ ಸಾಲಿಗೆ ಹುಬ್ಬು ಗಂಟಿಕ್ಕುತ್ತಿದ್ದರು. ನಾನು ಆ ಸಾಲು ನೋಡಿಯೇ ಮನೆ ಗೊತ್ತುಮಾಡಿದೆ.

ಮನೆ ಫೋಟೊದಲ್ಲಿದ್ದ ಹಾಗೇ ಇತ್ತು. ಅಕ್ಕಪಕ್ಕ ಮನೆಗಳಿಲ್ಲ, ಹಿಂದೆ ಒಂದಿಷ್ಟು ಬಯಲು. ಮನೆಯ ಮಾಲೀಕರು ಕಂಡದ್ದು ಮೆಸೇಜಿನಲ್ಲಿ ಮಾತ್ರ: ಕೊನೆಯ ದಿನ ಬೀಗದ ಕೈ ಮೇಜಿನ ಮೇಲಿಟ್ಟು ಬಾಗಿಲು ಎಳೆದುಕೊಳ್ಳಿ, ತಾನೇ ಲಾಕ್ ಆಗುತ್ತದೆ, ಗುಡಿಸುವವರ ಹತ್ತಿರ ಇನ್ನೊಂದು ಬೀಗದ ಕೈ ಇದೆ.

ಎರಡನೆಯ ದಿನ ಮಧ್ಯಾಹ್ನ ಗುಬ್ಬಿಯನ್ನು ಮಂಚದ ಮೇಲೆ ಮಲಗಿಸಿ ಬ್ಯಾಗ್ ತೆರೆದೆ.

"ಬಾಟಲಿ, ಎರಡು."

"ಎರಡು" ಎಂದು ಅಡುಗೆಮನೆಯಿಂದ ಉತ್ತರ ಬಂತು.

"ಕಾಲ್ಚೀಲ, ಎರಡು."

"ಮೂರು."

ಗುಬ್ಬಿ ಕಿಲಕಿಲ ನಕ್ಕಳು. ಅವಳನ್ನು ನಗಿಸಲು ಇವರು ಹಾಗಂದರು ಎಂದುಕೊಂಡು ನಾನೂ ನಕ್ಕೆ. ಆಮೇಲೆ ಬ್ಯಾಗಿನೊಳಗೆ ನೋಡಿದೆ. ಗುಬ್ಬಿಯ ನೀಲಿ ಜೊತೆಯ ಪಕ್ಕದಲ್ಲಿ ಒಂಟಿ ಹಳದಿ ಕಾಲ್ಚೀಲವಿತ್ತು, ಒಗೆದೊಗೆದು ಮೆತ್ತಗಾಗಿತ್ತು. ನಮ್ಮದಲ್ಲ. ಇದೆಲ್ಲಿಂದ ಬಂತು ಎಂದು ಕೇಳಲು ತಿರುಗುವಷ್ಟರಲ್ಲಿ ಮುಂಬಾಗಿಲು ತೆರೆಯಿತು. ಇವರು ಹಾಲಿನ ಪ್ಯಾಕೆಟ್ ಹಿಡಿದು, ಬಿಸಿಲಿಗೆ ಬೆವೆತು ಒಳಗೆ ಬಂದರು.

"ಅಡುಗೆಮನೇಲಿ ಇರ್ಲಿಲ್ವಾ ನೀವು?"

"ಅಂಗಡಿಗೆ ಹೋಗಿ ಬರ್ತೀನಿ ಅಂತ ಹೇಳೇ ಹೋದ್ನಲ್ಲ. ಅರ್ಧ ಗಂಟೆ ಆಯ್ತು."

ಅಡುಗೆಮನೆಗೆ ಹೋಗಿ ನೋಡಿದೆ, ತೊಳೆದಿಟ್ಟ ಲೋಟಗಳಷ್ಟೇ ಇದ್ದವು. ಇಪ್ಪತ್ತು ಎಂದು ಹಟ ಹಿಡಿದ ಆ ದಿನ ನೆನಪಾಯಿತು. ಇಲ್ಲದ್ದು ಕಾಣುವ, ಇಲ್ಲದ್ದು ಕೇಳುವ ಹಂತಕ್ಕೆ ಬಂದೆನೇನೋ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ಹಳದಿ ಕಾಲ್ಚೀಲವನ್ನು ತೊಟ್ಟಿಲ ಕೆಳಗಿನ ಡ್ರಾಯರಿನೊಳಗೆ ತುರುಕಿದೆ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮನೆ ಖಾಲಿ ಮಾಡಬೇಕಿತ್ತು. ಗುಬ್ಬಿಗೆ ಹಾಲು ಕುಡಿಸಿ, ಕಾರಿನಲ್ಲಿ ಮಗುವನ್ನು ಕೂರಿಸುವ ಹಿಡಿಕೆಯ ಸೀಟಿನಲ್ಲಿ ಮಲಗಿಸಿ, ಮೇಲಿನ ನೆರಳಿನ ಬಟ್ಟೆ ಎಳೆದು, ತೊಟ್ಟಿಲ ಪಕ್ಕ ನೆಲದ ಮೇಲಿಟ್ಟೆ. ನಿದ್ದೆ ಹತ್ತಿತು. ನಡುಮನೆಗೆ ಬಂದು ಬ್ಯಾಗನ್ನು ಮೇಜಿನ ಮೇಲೆ ತೆರೆದೆ. ಕಿಟಕಿಯಾಚೆ ಇವರು ಕಾರಿನ ಡಿಕ್ಕಿಯೊಳಗೆ ತಲೆ ತೂರಿಸಿ ಸೂಟ್‌ಕೇಸುಗಳ ಜೊತೆ ಗುದ್ದಾಡುತ್ತಿದ್ದರು.

"ಡೈಪರ್, ಆರು" ಎಂದೆ. ಹೇಳಿ ರೂಢಿ, ಬಾಯಿಗೆ ಬಂದುಬಿಟ್ಟಿತು.

"ಆರು" ಎಂದಿತು ಮಲಗುವ ಕೋಣೆ.

ಗಂಡಸಿನ ದನಿಯಲ್ಲ, ಹೆಂಗಸಿನದೂ ಅಲ್ಲ. ನಮ್ಮ ಥಿಯೇಟರಿನಲ್ಲಿ ಎರಡನೆಯವರು ಹೇಳುವ ಹಾಗೆ, ಆತುರವಿಲ್ಲದೆ, ನೋಡಿ ಹೇಳಿದ ದನಿ. ಓಡಬೇಕಿತ್ತು. ಎಣಿಕೆಯನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲದ ದರಿದ್ರ ಬುದ್ಧಿ ನನ್ನದು, ಮುಂದುವರಿಸಿದೆ. ಬಾಟಲಿ ಎರಡಕ್ಕೆ ಎರಡು. ಕಾಲ್ಚೀಲ ಎರಡಕ್ಕೆ ಎರಡು. ಹದಿನೇಳೂ ಹೊಂದಿದವು. ಕೊನೆಯದನ್ನೂ ಹೇಳಿದೆ.

"ಮಗು, ಒಂದು."

ಬ್ಯಾಗಿನ ಬಾಯಿ ಮುಚ್ಚಿದೆ.

"ಎರಡು."

ಕೋಣೆಗೆ ನುಗ್ಗಿದೆ. ಯಾರೂ ಇರಲಿಲ್ಲ. ಸೀಟು ಇಟ್ಟಲ್ಲೇ ಇತ್ತು. ಬಟ್ಟೆಯ ಕೆಳಗೆ ಹೊದಿಕೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಅಪರೂಪಕ್ಕೆ ಅದನ್ನು ಒದ್ದಿರಲಿಲ್ಲ. ಬಟ್ಟೆ ಸರಿಸಿದರೆ ಎಚ್ಚರವಾಗುತ್ತದೆ, ಎಚ್ಚರವಾದರೆ ದಾರಿಯುದ್ದಕ್ಕೂ ಅಳು. ಮಲಗಿದ ಮಗುವನ್ನು ಯಾವ ತಾಯಿಯೂ ಸುಮ್ಮಸುಮ್ಮನೆ ಎಬ್ಬಿಸುವುದಿಲ್ಲ. ಪಕ್ಕದ ತೊಟ್ಟಿಲಿಗೆ ಸೊಳ್ಳೆಪರದೆ ಇಳಿಬಿಟ್ಟಿತ್ತು. ಅದರೊಳಗೆ ನೋಡಲಿಲ್ಲ. ಥಿಯೇಟರಿನಲ್ಲಾಗಿದ್ದರೆ ನೋಡುತ್ತಿದ್ದೆ.

"ಒಂದು" ಎಂದೆ ಗಟ್ಟಿಯಾಗಿ. ಅವತ್ತು ಇಪ್ಪತ್ತು ಎಂದದ್ದೂ ಇದೇ ದನಿಯಲ್ಲಿ.

"ಒಂದು" ಎಂದು ದನಿ ಒಪ್ಪಿಕೊಂಡಿತು.

ಸೀಟನ್ನೂ ಬ್ಯಾಗನ್ನೂ ಎತ್ತಿಕೊಂಡು, ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು, ಬಾಗಿಲು ಎಳೆದುಕೊಂಡೆ. ಅದು ಕ್ಲಿಕ್ಕೆಂದಾಗ ಹೋದ ಜೀವ ಬಂದ ಹಾಗಾಯಿತು. "ಏನಾಯ್ತೇ, ಮುಖ ಬಿಳಿಚ್ಕೊಂಡಿದೆ" ಎಂದರು ಇವರು. "ಮೊದ್ಲು ಗಾಡಿ ತೆಗೀರಿ" ಎಂದೆ.

ನಲವತ್ತು ನಿಮಿಷ ಮಗು ಕಮಕ್ ಕಿಮಕ್ ಎನ್ನಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಡೈಪರ್ ಬದಲಿಸೋಣವೆಂದು ಹಿಂದಿನ ಸೀಟಿಗೆ ಬಂದು ನೆರಳಿನ ಬಟ್ಟೆ ಸರಿಸಿದೆ.

ಎಚ್ಚರವಾಗಿತ್ತು. ಗುಂಡು ಮುಖ, ದಟ್ಟ ಹುಬ್ಬು, ಗಲ್ಲದಲ್ಲಿ ಗುಳಿ. ಎರಡೂ ಕಾಲಿಗೆ ಹಳದಿ ಕಾಲ್ಚೀಲ. ನನ್ನನ್ನೇ ನೋಡುತ್ತಿತ್ತು. ಬಿಸಿಯಾದ ಮೈ, ಹಾಲಿನ ವಾಸನೆ, ಒದ್ದೆ ಡೈಪರ್, ಎಲ್ಲ ಮಗುವಿನ ಹಾಗೇ ಇತ್ತು. ನಮ್ಮ ಮಗು ಅಲ್ಲ ಅಷ್ಟೇ. ಡೈಪರ್ ಸರಿಸಿ ನೋಡಿದೆ, ಗಂಡು ಮಗು.

"ರೀ" ಎಂದೆ.

ಇವರು ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ಗಾಡಿ ತಿರುಗಿಸಿದರು. ದಾರಿಯಲ್ಲಿ ಎಲ್ಲ ಹೇಳಿದೆ, ಥಿಯೇಟರಿನ ಇಪ್ಪತ್ತನೆಯ ತುಂಡಿನಿಂದ ಹಿಡಿದು. ಸೀಟಿನಲ್ಲಿ ಒಂದು ಮಗು ಇರಬೇಕು, ಒಂದು ಇದೆ, ಸರಿ ಎಂದುಕೊಂಡಿದ್ದೆ. ಎಷ್ಟು ಎಂದು ಹೇಳುವ ಎಣಿಕೆ ಯಾವುದು ಎಂದು ಹೇಳುವುದಿಲ್ಲವಲ್ಲ. ನನ್ನ ಮಗಳನ್ನು ನಾನೇ ಬಾಗಿಲು ಎಳೆದು ಒಳಗೆ ಬಿಟ್ಟು ಬಂದಿದ್ದೆ.

ಆ ಮನೆ ತಲುಪಿ ಬಾಗಿಲಿಗೆ ಕಿವಿ ಹಚ್ಚಿದೆವು. ಒಳಗೆ ಆ ದನಿ, ಆತುರವಿಲ್ಲದೆ.

"ಒಂದು. ಎರಡು. ಮೂರು."

ಗುಬ್ಬಿಯ ನಗು ಕೇಳಿಸಿತು. ಈ ಸಲ ಇವರಿಗೂ ಕೇಳಿಸಿತು. ಲಿಫ್ಟಿನ ಬಾಗಿಲುಗಳೇ ಇವರ ಕಸುಬು. ಡಿಕ್ಕಿಯಿಂದ ಸ್ಟೀಲಿನ ತೆಳು ಸ್ಕೇಲು ತಂದು ಸಂದಿಗೆ ತೂರಿಸಿ ಲಾಕು ಜಾರಿಸಿದರು. ಬಾಗಿಲು ತೆರೆಯಿತು. ದನಿ ನಿಂತಿತು. ಸೊಳ್ಳೆಪರದೆಯೊಳಗೆ, ತೊಟ್ಟಿಲಲ್ಲಿ, ಎಡಗಾಲಿನ ನೀಲಿ ಕಾಲ್ಚೀಲ ಒದ್ದು ಎಸೆದು ನಮ್ಮ ಗುಬ್ಬಿ ಕೈ ಬಡಿಯುತ್ತಿದ್ದಳು. ಎತ್ತಿ ಎದೆಗೆ ಅವುಚಿಕೊಂಡು ಅತ್ತೆ. ಬೆಳಗ್ಗೆ ಆ ದನಿ ಹೇಳಿದ್ದು ನಿಜವೇ ಆಗಿತ್ತು. ಕೋಣೆಯಲ್ಲಿ ಎರಡು ಮಕ್ಕಳಿದ್ದವು.

ಕಾರಿಗೆ ಬಂದಾಗ ಹಳದಿ ಕಾಲ್ಚೀಲದ ಮಗು ಇಟ್ಟಲ್ಲೇ ಇತ್ತು. ಹೆಬ್ಬೆರಳು ಚೀಪುತ್ತಿತ್ತು.

"ಮಗು, ಎರಡು" ಎಂದೆ.

ಇವರು ಬಗ್ಗಿ ಒಂದರ ಮುಖ ನೋಡಿದರು. ಇನ್ನೊಂದರ ಮುಖ ನೋಡಿದರು. "ಎರಡು" ಎಂದರು.

ಅಲ್ಲಿಂದ ಸಾಕಷ್ಟು ದೂರ ಬಂದು, ಜನ ಓಡಾಡುವ ಒಂದು ರಸ್ತೆಯಲ್ಲಿ ನಿಲ್ಲಿಸಿದೆವು. ಆ ಮಗುವಿಗೆ ಗುಬ್ಬಿಯ ಡೈಪರ್ ಹಾಕಿದೆ, ಎರಡನೆಯ ಬಾಟಲಿ ಕೊಟ್ಟೆ. ಹಸಿದಿತ್ತು ಪಾಪ. ಪೊಲೀಸರ ಹತ್ತಿರ ಹೋಗಿ ಏನೆಂದು ಹೇಳುವುದು ಎಂದು ಯೋಚಿಸುವಾಗ ಆ ಅಭಿಪ್ರಾಯ ನೆನಪಾಯಿತು. ಫೋನಿನಲ್ಲಿ ತೆರೆದೆ. ಬರೆದವಳ ಹೆಸರಿನ ಪಕ್ಕ ಉಗುರಿನಷ್ಟು ಫೋಟೊ. ದೊಡ್ಡದು ಮಾಡಿದೆ. ನಗುವ ಹೆಂಗಸು, ಅವಳ ಮಡಿಲಲ್ಲಿ ದಟ್ಟ ಹುಬ್ಬಿನ, ಗಲ್ಲದಲ್ಲಿ ಗುಳಿಯಿರುವ ಮಗು. ಕಾಲಿಗೆ ಹಳದಿ ಕಾಲ್ಚೀಲ. ಒಂದು ವರ್ಷದ ಹಿಂದಿನ ಫೋಟೊ, ನನ್ನ ತೊಡೆಯ ಮೇಲಿದ್ದ ಮಗು ಅದಕ್ಕಿಂತ ಒಂದು ದಿನವೂ ದೊಡ್ಡದಾಗಿರಲಿಲ್ಲ.

ನನ್ನ ಫೋನ್ ನಂಬರು ಹಾಕಿ ಅವಳಿಗೆ ಬರೆದೆ: "ನಿಮ್ಮ ಮಗು ಆ ಮನೆಯಲ್ಲಿ ಸಿಕ್ಕಿದೆ. ನಮ್ಮ ಹತ್ತಿರ ಇದೆ, ಚೆನ್ನಾಗಿದೆ."

ಐದು ನಿಮಿಷಕ್ಕೆ ಉತ್ತರ ಬಂತು. "ಏನೋ ತಪ್ಪು ತಿಳ್ಕೊಂಡಿದ್ದೀರಿ. ನಮ್ಮ ಮಗ ಇಲ್ಲೇ ಇದ್ದಾನೆ, ಈಗ ಓಡಾಡ್ತಾನೆ. ಆ ಮನೆಯಿಂದ ಹೊರಡುವಾಗ ಎರಡೆರಡು ಸಲ ಎಣಿಸಿದ್ವಿ."

ಮಗುವಿನ ಫೋಟೊ ತೆಗೆದು ಕಳಿಸಿದೆ. "ಎಣಿಸುವಾಗ ಮುಖ ನೋಡಿದ್ರಾ?" ಎಂದು ಕೆಳಗೆ ಬರೆದೆ. ಅವಳು ನೋಡಿದ ಗುರುತು ಬಂತು. ಸ್ವಲ್ಪ ಹೊತ್ತಿನ ಮೇಲೆ ಫೋನ್ ರಿಂಗಾಯಿತು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದೆ. ಅತ್ತ ಕಡೆ ಅವಳ ಉಸಿರು ಕೇಳುತ್ತಿತ್ತು. ಅವಳ ಹಿಂದೆ, ಅವಳ ಮಗ ಓಡಾಡುವ ಕೋಣೆಯಿಂದ ಇರಬೇಕು, ಆ ಮನೆಯಲ್ಲಿ ಕೇಳಿದಂಥದೇ ದನಿ ಆತುರವಿಲ್ಲದೆ ಎಣಿಸತೊಡಗಿತು.

ಮೂರು ಎಂದಾಗ ನನ್ನ ಗುಬ್ಬಿ ಕಿಲಕಿಲ ನಕ್ಕಳು.