ನೀರಾಳನ್ನು ನಂಬಿದವಳು

ಎಲ್ಲರೂ ಭಾವ ಎಂದೇ ಕರೆಯುವವರ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರದ ಕಾರ್ಡಿನಾಟ ನಡೆದಿತ್ತು. ಮೇಜಿನ ಸುತ್ತ ಹಿಡಿಯುವುದು ಆರೇ ಕುರ್ಚಿ. ಹೊಸಬನೊಬ್ಬ ಬರುವವನಿದ್ದ, ಕೊನೆಯ ಆಟದಲ್ಲಿ ಸೋತವರು ಅವನಿಗೆ ಜಾಗ ಬಿಡಬೇಕೆಂದು ಮಾತಾಗಿತ್ತು. ಕೊನೆಗೆ ಎದುರುಬದುರಾದವರು ಕಾಲರಮ್ಮ ಮತ್ತು ಕೇಬಲ್ಲಿನವನು.

ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ಅಂಗಿಯ ಕಾಲರನ್ನಷ್ಟೇ ಹೊಲಿಯುವವಳಾದ್ದರಿಂದ ಅವಳಿಗೆ ಆ ಅಡ್ಡಹೆಸರು. ಮಿಷನ್ನುಗಳ ಗದ್ದಲದಲ್ಲಿ ಅವಳ ಮಾತು ಯಾರಿಗೂ ಕೇಳದು, ಮನೆಯಲ್ಲಿ ಕೇಳಿಸಿದರೂ ಯಾರೂ ಕಿವಿಗೆ ಹಾಕಿಕೊಳ್ಳರು. ಇಲ್ಲಿ ಮಾತ್ರ, ಅವಳು ಒಂದು ಕಾರ್ಡು ಎತ್ತಿದರೆ ಐದು ಜನ ಉಸಿರು ಬಿಗಿಹಿಡಿಯುತ್ತಿದ್ದರು.

ಆ ಆಟಕ್ಕೆ ಪ್ರತಿಯೊಬ್ಬರೂ ತಮಗೆ ಬೇಕಾದ ಕಾರ್ಡುಗಳನ್ನು ಆರಿಸಿ ಸ್ವಂತ ಕಟ್ಟು ಜೋಡಿಸಿಕೊಂಡು ಬರಬೇಕು. ಯಾವ ಪ್ರಾಣಿಯ ಕಾರ್ಡನ್ನು ಇಳಿಸಬೇಕಾದರೂ ನೀರು ಬೇಕು. ನೀರು ಕೊಡುವುದು ಬಾವಿ ಕಾರ್ಡು. ನೀರಾಳೆಂಬ ಕಾರ್ಡಿನ ಕೆಲಸ, ನಮ್ಮ ಕಟ್ಟಿನೊಳಗೇ ಹುಡುಕಿ ಒಂದು ಬಾವಿಯನ್ನು ತಂದಿಡುವುದು. ವಾರವೆಲ್ಲ ಕಾಲರು ಮಡಚುತ್ತ ಅವಳು ಅದರ ಬೆಲೆಯನ್ನೇ ತೂಗಿದ್ದಳು. ತರುವವನಿರುವಾಗ ಅಷ್ಟೊಂದು ಬಾವಿ ಯಾಕೆ? ನೀರಾಳುಗಳನ್ನು ತುಂಬಿ ಬಾವಿಗಳನ್ನು ತೆಗೆದಳು.

"ತರೋನನ್ನ ಲೆಕ್ಕ ಹಾಕ್ದೆ ಸರಿ, ಏನು ತರ್ತಾನೆ ಅಂತ ಯೋಚ್ನೆ ಮಾಡಿದ್ಯಾ?" ಎಂದಿದ್ದರು ಭಾವ.

"ನೀವು ಪಂಕ್ಚರ್ ನೋಡ್ಕೊಳ್ಳಿ ಭಾವ."

ಈಗ ಅವಳ ಮುಂದೆ ಮೂರು ಬಾವಿ, ಕೈಯಲ್ಲಿ ನಾಲ್ಕು ಬಾವಿಯ ನೀರು ಕೇಳುವ ಆನೆ. ಆನೆ ಇಳಿಯದಿದ್ದರೆ ಕೇಬಲ್ಲಿನವನ ಮುಂದಿನ ಏಟಿಗೆ ಆಟ ಮುಗಿದಂತೆ. ಕಟ್ಟಿನ ಮೇಲಿನ ಕಾರ್ಡನ್ನು ಎಳೆದಳು. ನೀರಾಳು! ಅದನ್ನು ಇಳಿಸಲು ನೀರು ಬೇಡ. ಮೇಜಿನ ಮೇಲಿಟ್ಟು ಕಟ್ಟನ್ನು ಬಿಡಿಸಿದಳು.

ಮೇಲಿಂದ ಕೆಳಗಿನವರೆಗೆ ನೋಡಿದಳು. ಬಾವಿಯಿಲ್ಲ. ಹಿಂದಿನ ನೀರಾಳುಗಳು ಇದ್ದಬದ್ದದ್ದನ್ನೆಲ್ಲ ಆಗಲೇ ತಂದಾಗಿತ್ತು.

ದೇವರೇ, ಒಂದೇ ಒಂದು.

ದೇವರು ಕೇಳಿಸಿಕೊಳ್ಳದವನಲ್ಲ. ಆದರೆ ಉಳಿದ ಬಾವಿಗಳನ್ನು ಕೈಯಾರೆ ಹೊಲಿಗೆ ದಾರದ ಬಾಬಿನ್ ಡಬ್ಬಿಗೆ ಹಾಕಿ ಮನೆಯಲ್ಲಿಟ್ಟು ಬಂದವಳು ಅವಳೇ.

"ಸಿಕ್ತಾ? ಯಾವುದಾದ್ರೂ ಕಾಲರೊಳಗೆ ಇಟ್ಟು ಹೊಲಿದುಬಿಟ್ಯೇನಮ್ಮಾ?" ಕೇಬಲ್ಲಿನವನು ನಕ್ಕ.

"ತಾಳಪ್ಪಾ, ನೋಡ್ತಿದೀನಿ."

ಹೊರಗೆ ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಹೊಸಬ. ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ ಭಾವನಿಗೆ ಎಲ್ಲವೂ ತಿಳಿಯಿತು. "ಹುಡುಕ್ಲಿ ಬಿಡ್ರೋ" ಎಂದರು, ಮೆಲ್ಲಗೆ.

ಹುಡುಕುವಷ್ಟು ಹೊತ್ತು ಯಾರೂ ಅವಳಿಗೆ ಕುರ್ಚಿ ಬಿಟ್ಟೇಳು ಎನ್ನುವಂತಿರಲಿಲ್ಲ. ಐದೂ ಜನ ಉಸಿರು ಬಿಗಿಹಿಡಿದಿದ್ದರು. ಅವಳು ಕಟ್ಟನ್ನು ಒಪ್ಪವಾಗಿ ಜೋಡಿಸಿ, ಮತ್ತೆ ಮೊದಲ ಕಾರ್ಡಿನಿಂದ ನೋಡತೊಡಗಿದಳು.